ಕರಡಿಗೆ ಬಣ್ಣ ಹಾಕಿದ್ದು

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ. ಮಕ್ಕಳು ಸಣ್ಣವರಿದ್ದಾಗ, ಅಪ್ಪನ ಮೇಲಿನ ಮರ್ಯಾದೆ ಕಡಿಮೆಯಾದೀತು ಎಂದುಕೊಂಡೆ. ಅವರು ದೊಡ್ಡವರಾದ ಮೇಲೆ, ಕೇಳುವ ಪುರುಸೊತ್ತು ಯಾರಿಗಿದೆ ಎಂದುಕೊಂಡೆ. ಆಮೇಲೆ ಹರಿಹರದಲ್ಲಿ ಅಕ್ಕ ಇದ್ದಳು. ಅವಳು ಇರುವವರೆಗೆ ಬೇಡ ಎಂದುಕೊಂಡೆ. ಅಕ್ಕ ತೀರಿಕೊಂಡು ಆರು ವರ್ಷವಾಯಿತು. ಕಣ್ಣಿಗೆ ಪೊರೆ ಬಂದಿದೆ, ಬರೆಯಲು ಆಗದು ಎಂಬುದೊಂದು ನೆಪ ಉಳಿದಿತ್ತು. ಹೋದ ವರ್ಷ ಮೊಮ್ಮಗಳು ಹಟ ಹಿಡಿದು ಆಪರೇಷನ್ ಮಾಡಿಸಿ ಅದನ್ನೂ ಕಿತ್ತುಕೊಂಡಳು.

ದಾವಣಗೆರೆಯ ಈ ಎಸ್.ಎಸ್. ಬಡಾವಣೆಯಲ್ಲಿ ನಾನು ತಿಂಗಳಿಗೊಮ್ಮೆ ತಪ್ಪದೆ ಹೋಗುವ ಜಾಗವೆಂದರೆ ಮಂಜುನ ಕ್ಷೌರದಂಗಡಿ. ಕತ್ತರಿಸಲು ನನ್ನ ತಲೆಯಲ್ಲಿ ಹೆಚ್ಚೇನೂ ಇಲ್ಲ. ಕಿವಿಯ ಮೇಲೆ ಎರಡು ಬೆಳ್ಳಗಿನ ದಂಡೆ, ಹಿಂದೆ ಒಂದಷ್ಟು. ಆದರೂ ಮಂಜು ಬಟ್ಟೆ ಹೊದಿಸಿದ ಕೂಡಲೇ ಪ್ರತಿ ಸಲವೂ ಕೇಳುತ್ತಾನೆ.

"ಅಜ್ಜಾರ, ಈ ಸಲನಾದ್ರೂ ಕಪ್ಪು ಹಚ್ಚಲೇನ್ರಿ? ಹತ್ತು ವರ್ಷ ಸಣ್ಣೋರು ಕಾಣ್ತೀರಿ."

"ಬ್ಯಾಡಪ್ಪ."

"ನೋಡ್ರಿ, ಸಾದಾ ಮನುಷ್ಯಾರು ಅಂದ್ರೆ ಹಿಂಗಿರಬೇಕು," ಎಂದು ಅವನು ಪಕ್ಕದ ಕುರ್ಚಿಯವರಿಗೆ ಹೇಳುತ್ತಾನೆ. ಅವರು ಕನ್ನಡಿಯಲ್ಲೇ ನನ್ನನ್ನು ನೋಡಿ ತಲೆಯಾಡಿಸುತ್ತಾರೆ. ನಾನೂ ಸಾದಾ ಮನುಷ್ಯನ ಮುಖ ಮಾಡಿಕೊಂಡು ಕೂರುತ್ತೇನೆ. ನಿಜಸಂಗತಿ ಬೇರೆ. ಹಿಂದೊಮ್ಮೆ ನಾನು ಕೂದಲಿಗೆ ಕಪ್ಪು ಹಾಕಿದ್ದೆ. ನನ್ನ ಕೂದಲಿಗಲ್ಲ, ಒಂದು ಕರಡಿಯ ಕೂದಲಿಗೆ. ಅಂದಿನಿಂದ ಕಪ್ಪು ಬಣ್ಣದ ಬಟ್ಟಲು ಹಿಡಿದು ಯಾರಾದರೂ ತಲೆಯ ಹತ್ತಿರ ಬಂದರೆ ನನಗೆ ಕುಳಿತಲ್ಲೇ ಬೆವರುತ್ತದೆ.

ಕನ್ನಡದ ಸೀಮೆಗಳೆಲ್ಲ ಕೂಡಿ ಒಂದೇ ರಾಜ್ಯವಾಗಿ ಎರಡು ಮೂರು ವರ್ಷವಾಗಿದ್ದ ಕಾಲ ಅದು. ಮೆಟ್ರಿಕ್ ಪಾಸಾಗಿದ್ದ ನಾನು ದಾವಣಗೆರೆಯ ಒಂದು ಹತ್ತಿ ಗಿರಣಿಯಲ್ಲಿ ಬಣ್ಣದ ಖಾತೆಗೆ ಸೇರಿ ನಾಲ್ಕು ವರ್ಷವಾಗಿತ್ತು. ಗಿರಣಿಯಲ್ಲಿ ವಿಭಾಗಕ್ಕೆ ಖಾತೆ ಎನ್ನುತ್ತಿದ್ದರು. ನೂಲಿನ ಖಾತೆಯವರ ತಲೆಯ ಮೇಲೆ ಹತ್ತಿಯ ಹಿಂಜು ಕೂತಿರುತ್ತಿತ್ತು, ನಮ್ಮ ಖಾತೆಯವರನ್ನು ಕೈ ನೋಡಿಯೇ ಗುರುತಿಸಬಹುದಿತ್ತು. ಉಗುರಿನ ಸಂದಿಯ ಬಣ್ಣ ಯಾವ ಸಾಬೂನಿಗೂ ಬಗ್ಗುತ್ತಿರಲಿಲ್ಲ. ನನಗೆ ನೋಡಿದ ಮೊದಲ ಹೆಣ್ಣಿನ ಕಡೆಯವರು, ಹುಡುಗನಿಗೆ ಏನೋ ಚರ್ಮದ ಕಾಯಿಲೆ ಎಂದು ವಾಪಸು ಹೋದರಂತೆ. ಗಿರಣಿಯ ಹಿಂದಿನ ಚರಂಡಿಯಲ್ಲಿ ಒಂದು ದಿನ ಹಸಿರು, ಒಂದು ದಿನ ಕೆಂಪು ಹರಿಯುತ್ತಿತ್ತು. ಆ ಕಡೆಯ ಓಣಿಯ ಹೆಂಗಸರು ಬಾಗಿಲು ತೆಗೆದು ಚರಂಡಿ ನೋಡಿ, "ಇವತ್ತು ನೀಲಿ ಸೀರಿ ಮಾಡಾಕ ಹತ್ಯಾರ," ಎನ್ನುತ್ತಿದ್ದರು.

ಖಾತೆಯ ಮುಖ್ಯಸ್ಥರು ಖಾದರ್ ಸಾಬರು. ಅವರನ್ನು ನಾವು ಉಸ್ತಾದ್ ಎನ್ನುತ್ತಿದ್ದೆವು. ಬಟ್ಟೆಯನ್ನು ಎರಡು ಬೆರಳ ನಡುವೆ ಉಜ್ಜಿ, ಮೂಸಿ, ಎಷ್ಟು ಹೊತ್ತು ಕುದಿಯಬೇಕೆಂದು ಹೇಳುವ ಮನುಷ್ಯ. ನನ್ನ ಕೆಲಸ ಅವರು ಹೇಳಿದಷ್ಟು ಬಣ್ಣದ ಪುಡಿ ತೂಗಿ ಕೊಡುವುದು, ಮಾದರಿ ತುಂಡುಗಳನ್ನು ಸಣ್ಣ ಬಕೆಟ್ಟಿನಲ್ಲಿ ಅದ್ದಿ ತೋರಿಸುವುದು. ಅಷ್ಟೇ. ಆದರೆ ನೆಂಟರ ಮುಂದೆ ನಾನು "ಡೈಯಿಂಗ್ ಮಾಸ್ತರ್" ಆಗಿದ್ದೆ. ಲೋಕಿಕೆರೆಯ ಸೋದರಮಾವನ ಛತ್ರಿಗೆ ಕಪ್ಪು ಹಾಕಿಕೊಟ್ಟಿದ್ದೆ. ಅಕ್ಕನ ಮಾಸಿದ ಸೀರೆಗೆ ಮೆಂತ್ಯದ ಬಣ್ಣ ಹಾಕಿ ದಸರೆಗೆ ಕೊಟ್ಟಿದ್ದೆ. ಅಕ್ಕ ಅದನ್ನು ಹೊಸದು ಎಂದೇ ಓಣಿಯಲ್ಲಿ ಸಾರಿಕೊಂಡು ಬಂದಳು. ಇಷ್ಟು ಸಾಕಾಯಿತು ನನ್ನ ತಲೆ ತಿರುಗಲು.

ಅಕ್ಕ ಗಿರಿಜೆಯನ್ನು ಕೊಟ್ಟದ್ದು ಹರಿಹರಕ್ಕೆ. ಒಂಬತ್ತು ಮೈಲಿ ದೂರ. ಭಾನುವಾರ ರಜಾ ಬಂತೆಂದರೆ ನಾನು ಬೆಳಗಿನ ರೈಲಿಗೆ ಅಲ್ಲಿ. ಅವಳ ಮನೆಯ ಅಂಗಳಕ್ಕೇ ಬಾಗಿಲಿದ್ದ ಇನ್ನೊಂದು ಸಣ್ಣ ಮನೆಯಲ್ಲಿ ಒಬ್ಬರು ಹೊಲಿಗೆಯ ಹೆಂಗಸು ಬಾಡಿಗೆಗೆ ಇದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ, ತವರು ಭಾನುವಳ್ಳಿ. ಆಗ ಅವರಿಗೆ ಮೂವತ್ತೈದು ಇದ್ದೀತು. ಓಣಿಗೆಲ್ಲ ಅವರು ಟೇಲರಕ್ಕ. ನನಗೂ ಹಾಗೆಯೇ. ಅವರು ನನ್ನನ್ನು ತಮ್ಮಾ ಎನ್ನುತ್ತಿದ್ದರು. ಓಣಿಯ ಎಲ್ಲ ಗಂಡುಹುಡುಗರಿಗೂ ತಮ್ಮಾ ಎನ್ನುತ್ತಿದ್ದವರು, ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ.

ಬೆಳಗಿನಿಂದ ದೀಪ ಹಚ್ಚುವವರೆಗೆ ಅವರ ಮಿಷನ್ನಿನ ಸದ್ದು ಅಂಗಳದಲ್ಲಿ ಕೇಳುತ್ತಿತ್ತು. ಕಾಲಿನಲ್ಲಿ ತುಳಿಯುವ ಮಿಷನ್. ತುಳಿದು ತುಳಿದು ಅವರ ಬಲಮಂಡಿ ಬೇಲದ ಕಾಯಿಯ ಹಾಗೆ ಊದಿಕೊಳ್ಳುತ್ತಿತ್ತು. ಸಂಜೆ ಹೊತ್ತಿಗೆ ಬಿಸಿ ಉಪ್ಪಿನ ಗಂಟು ಒತ್ತಿಕೊಂಡು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಡಾಕ್ಟರು, ತುಳಿಯೋದು ಬಿಡಬೇಕು, ಇಲ್ಲಾ ಕಾಲು ಬಿಡಬೇಕು ಎಂದಿದ್ದರಂತೆ. "ಯಾವುದು ಬಿಟ್ರೂ ಊಟ ಬಿಡಬೇಕಾಗ್ತೈತ್ರಿ ಡಾಕ್ಟ್ರೇ, ಅಂದೆ," ಎಂದು ಟೇಲರಕ್ಕ ಅದನ್ನೂ ನಗುತ್ತಲೇ ಹೇಳುತ್ತಿದ್ದರು.

ಆ ದಿನಗಳಲ್ಲಿ ದಾವಣಗೆರೆಯಲ್ಲಿ ಹೊಸದಾಗಿ ಒಂದು ಹೆಣ್ಣುಮಕ್ಕಳ ಶಾಲೆ ಶುರುವಾಗುವುದಿತ್ತು. ಹೊಲಿಗೆ ಮತ್ತು ಕೈಕೆಲಸ ಕಲಿಸಲು ಒಬ್ಬರು ಟೀಚರ್ ಬೇಕು, ಸಂದರ್ಶನಕ್ಕೆ ಬರುವವರು ತಾವೇ ಮಾಡಿದ ಐದು ವಸ್ತು ತರಬೇಕು ಎಂದು ಪ್ರಕಟಣೆ ಬಂತು. ಟೇಲರಕ್ಕನ ಅರ್ಜಿಯನ್ನು ಬರೆದುಕೊಟ್ಟವನೇ ನಾನು. ಕಲಿಸುವ ಕೆಲಸವೆಂದರೆ ಮಿಷನ್ ತುಳಿಯುವುದಲ್ಲ. ಪಕ್ಕದಲ್ಲಿ ನಿಂತು, ಹೀಗೆ ತುಳಿಯಿರಿ ಎಂದು ಹೇಳುವುದು. ಅವರ ಕಾಲು ಉಳಿಯುವ ದಾರಿ ಅದೊಂದೇ ಇತ್ತು.

ಫ್ರಾಕು, ಕುಲಾವಿ, ಕಸೂತಿಯ ದಿಂಬಿನ ಚೀಲ, ರವಿಕೆ, ಹೀಗೆ ನಾಲ್ಕಾಯಿತು. ಇವು ಎಲ್ಲರೂ ತರುವಂಥವೇ. ಐದನೆಯದು ಮಾತ್ರ ದಾವಣಗೆರೆ ಹರಿಹರದಲ್ಲಿ ಯಾರೂ ಕಂಡಿರದ್ದು. ಹರಿಹರದಲ್ಲಿ ಅದಕ್ಕೆ ಕೆಲವು ವರ್ಷ ಮೊದಲು ಕಾರ್ಖಾನೆಯ ಯಂತ್ರ ಕೂಡಿಸಲು ಬಂದಿದ್ದ ಒಬ್ಬ ಪರದೇಶದ ಎಂಜಿನಿಯರ್ ಎರಡು ವರ್ಷ ಇದ್ದು ಹೋಗಿದ್ದ. ಅವನ ಹೆಂಡತಿ ಟೇಲರಕ್ಕನ ಹತ್ತಿರ ಬಟ್ಟೆ ಹೊಲಿಸುತ್ತಿದ್ದಳು. ಇವರಿಗೆ ಅವಳ ಮಾತು ಬಾರದು, ಅವಳಿಗೆ ಇವರದು ಬಾರದು. ಇಬ್ಬರೂ ಮಧ್ಯಾಹ್ನವೆಲ್ಲ ಕೂತು ಕೈಸನ್ನೆಯಲ್ಲೇ ಹರಟುತ್ತಿದ್ದರು. ಆ ಮೇಡಮ್ಮ ಇವರಿಗೆ ಆಟದ ಕರಡಿ ಹೊಲಿಯುವುದನ್ನು ಕಲಿಸಿದ್ದಳು. ಊರಿಗೆ ಹೋಗುವಾಗ ತನ್ನಲ್ಲಿ ಉಳಿದಿದ್ದ ಬಟ್ಟೆಯನ್ನೂ ಕೊಟ್ಟು ಹೋಗಿದ್ದಳು. ಮೊಹೇರ್ ಎಂಬ ಬಟ್ಟೆ. ಹತ್ತಿಯ ನೇಯ್ಗೆಯ ಮೇಲೆ ಯಾವುದೋ ದೇಶದ ಆಡಿನ ಕೂದಲನ್ನು ನಾಟಿ ಹಾಕಿದ ಹಾಗಿತ್ತು. ಉದ್ದ ಕೂದಲು, ರೇಷ್ಮೆಯ ಹೊಳಪು, ಹಾಲಿನ ಕೆನೆಯ ಬಣ್ಣ. ಆಮೇಲೂ ಅವಳಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು. ನನ್ನ ಹೈಸ್ಕೂಲಿನ ಇಂಗ್ಲಿಷಿನಲ್ಲಿ ನಾನೇ ಉತ್ತರ ಬರೆದುಕೊಡುತ್ತಿದ್ದೆ. ಟೇಲರಕ್ಕ ಅರ್ಧ ಗಂಟೆ ಹೇಳಿದ್ದನ್ನು ನಾನು ಎರಡು ಸಾಲಿಗೆ ಇಳಿಸುತ್ತಿದ್ದೆ, ಏಕೆಂದರೆ ನನಗೆ ಬರುತ್ತಿದ್ದದ್ದು ಅಷ್ಟೇ.

ಆ ಬಟ್ಟೆಯಲ್ಲಿ ಅರ್ಧದಿಂದ ಅವರು ಕರಡಿ ಹೊಲಿದರು. ಎಂಟು ದಿನ ಹಿಡಿಯಿತು. ಕೈಕಾಲು, ಕತ್ತು ತಿರುಗುವ ಕರಡಿ. ಸಂದುಗಳಿಗೆ ಪೆಟ್ಟಿಗೆಯ ರಟ್ಟನ್ನು ದುಂಡಗೆ ಕತ್ತರಿಸಿ ಹಾಕಿದ್ದರು. ಹೊಟ್ಟೆಗೆ ಬೂರುಗದ ಹತ್ತಿ, ಕಣ್ಣಿಗೆ ಹಳೆಯ ಕೋಟಿನ ಗುಂಡಿ, ಮೂಗಿಗೆ ಕಪ್ಪು ದಾರದ ಹೆಣಿಗೆ. ಒಂದು ಭಾನುವಾರ ಬೆಳಗ್ಗೆ ಅದನ್ನು ಮಗುವಿನ ಹಾಗೆ ಬಿಳಿ ಪಂಚೆಯಲ್ಲಿ ಸುತ್ತಿಕೊಂಡು ಅಕ್ಕನ ಮನೆಗೆ ತಂದರು. ಅಕ್ಕನ ಅತ್ತೆ ಬಾಗಿಲಲ್ಲೇ ಅವರೆಕಾಯಿ ಸುಲಿಯುತ್ತಿದ್ದರು.

"ಚಲೋ ಐತವ್ವ ಕುರಿಮರಿ," ಎಂದರು ಅತ್ತೆ. "ಕೊಂಬು ಯಾವಾಗ ಹಚ್ತೀ?"

"ಕುರಿ ಅಲ್ರಿ, ಕರಡಿ."

"ಕರಡೀನಾ? ನಾನೇನು ಕರಡಿ ಕಾಣದೋಳಾ? ಗೋಧಿ ಹುಗ್ಗ್ಯಾಗ ಬಿದ್ದೆದ್ದ ನಾಯಿಮರಿ ಕುಂತಂಗೈತೆ."

ನಾವೆಲ್ಲ ನಕ್ಕೆವು. ಟೇಲರಕ್ಕನೂ ನಕ್ಕರು. ಅತ್ತೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಕರಡಿ ಎಂದರೆ ಕಪ್ಪು. ನಾನು ಐದಾರು ವರ್ಷದವನಿದ್ದಾಗ ಕರಡಿ ಆಡಿಸುವವನು ನಮ್ಮ ಓಣಿಗೆ ಬಂದಿದ್ದ. ಮಕ್ಕಳನ್ನು ಅದರ ಬೆನ್ನ ಮೇಲೆ ಕೂರಿಸಿದರೆ ಹೆದರಿಕೆ ಹೋಗುತ್ತದೆಂದು ಅವ್ವ ನನ್ನನ್ನು ಎತ್ತಿ ಕೂರಿಸಿದಳು. ಹೆದರಿಕೆ ಹೋಗಲಿಲ್ಲ, ನನ್ನಿಂದ ಬೇರೇನೋ ಹೋಯಿತು. "ಏನವ್ವ, ನನ್ನ ಕರಡಿಗೆ ಜಳಕ ಮಾಡ್ಸಾಕ ತಂದಿಯೇನು ಇವನ್ನ?" ಎಂದು ಅವನು ರೇಗಿದ. ಕೊನೆಗೆ ಅದರ ಎರಡು ಕರಿ ಕೂದಲನ್ನು ತಾಯಿತದಲ್ಲಿಟ್ಟು ನನ್ನ ಕೊರಳಿಗೆ ಕಟ್ಟಿದರು. ಹೀಗೆ ಕರಡಿಯ ಬಣ್ಣವನ್ನು ಕೊರಳಲ್ಲೇ ಹೊತ್ತುಕೊಂಡು ಬೆಳೆದವನಿಗೆ ಕೆನೆಬಣ್ಣದ ಕರಡಿ ಹೇಗೆ ಒಪ್ಪಿಗೆಯಾದೀತು?

ಆ ನಗು ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ನಾನು ಮಾಸ್ತರನ ಗತ್ತಿನಲ್ಲಿ ಬಾಯಿ ಹಾಕಿದೆ.

"ಅಕ್ಕಾರ, ಇದು ನಗೋ ಮಾತಲ್ಲ. ಅಲ್ಲಿ ಕಮಿಟಿಯೋರೂ ಕುರಿಮರಿ ಅಂದ್ರೆ ಏನು ಮಾಡ್ತೀರಿ?"

ಟೇಲರಕ್ಕನ ಮುಖ ಸಣ್ಣದಾಯಿತು. "ಮೇಡಮ್ಮನ ಊರಾಗ ಇದೇ ಬಣ್ಣಕ್ಕ ಮಾಡ್ತಾರಂತಪ್ಪ."

"ಸಂದರ್ಶನ ಇರೋದು ದಾವಣಗೆರ್ಯಾಗ. ಕೊಡ್ರಿ ಇಲ್ಲಿ, ಕಪ್ಪು ಹಾಕ್ಕೊಂಡು ಬರ್ತೀನಿ. ಜೀವ ಬಂದಂಗಿರ್ತೈತೆ."

"ಇದು ಹತ್ತಿ ಅಲ್ಲ ತಮ್ಮಾ. ಆಡಿನ ಕೂದಲು."

"ಬಣ್ಣಕ್ಕೆ ಹತ್ತಿ ಆದ್ರೇನು, ಕೂದಲಾದ್ರೇನ್ರಿ? ಎಲ್ಲಾ ಒಂದೇ."

"ಹಂಗಂದ್ರೆ ಹೊಲಿಗೆ ಬಿಚ್ಚಿ ಹತ್ತಿ ರಟ್ಟು ತೆಗೆದು ಕೊಡ್ಲಾ? ಒಂದಿನ ತಡೀ."

"ಏನೂ ಬ್ಯಾಡ. ಇದ್ದಂಗೇ ಕೊಡ್ರಿ."

ಅವರು ಎರಡು ಸಲ ಎಚ್ಚರಿಸಿದರು, ನಾನು ಎರಡು ಸಲ ತಳ್ಳಿಹಾಕಿದೆ. ಇದನ್ನು ಇಲ್ಲಿ ಸ್ಪಷ್ಟವಾಗಿ ಬರೆಯಬೇಕು, ಏಕೆಂದರೆ ಮುಂದೆ ನಾನು ಅದನ್ನು ನನಗೇ ಬೇರೆ ರೀತಿ ಹೇಳಿಕೊಂಡದ್ದುಂಟು. ಕರಡಿಯನ್ನು ಕೊಡುವಾಗ ಟೇಲರಕ್ಕ ಅದರ ಹಣೆಯ ಕೂದಲನ್ನು ಕೈಯಿಂದ ಒಂದು ಸಲ ಹಿಂದಕ್ಕೆ ಸವರಿದರು.

ಉಸ್ತಾದರನ್ನು ಒಂದು ಮಾತು ಕೇಳಬಹುದಿತ್ತು. ಕೇಳಿದರೆ ನಾನು ಎಂಥ ಮಾಸ್ತರ್ ಆದೇನು? ಶುಕ್ರವಾರ ಮಧ್ಯಾಹ್ನ ಅವರು ನಮಾಜಿಗೆ ಹೋಗುವುದನ್ನೇ ಕಾದು ಮಾದರಿ ಬಕೆಟ್ಟನ್ನು ಒಲೆಗಿಟ್ಟೆ. ನಮ್ಮಲ್ಲಿ ಕಪ್ಪೆಂದರೆ ಗಂಧಕದ ಕಪ್ಪು. ಆ ಪುಡಿ ನೀರಿನಲ್ಲಿ ತಾನಾಗಿ ಕರಗುವುದಿಲ್ಲ. ಕರಗಿಸಲು ಸಲ್ಫೈಡ್ ಎಂಬ ಕಂದುಬಣ್ಣದ ಹರಳು ಹಾಕಿ ಕಾಯಿಸಬೇಕು. ಕೊಳೆತ ಮೊಟ್ಟೆಯ ವಾಸನೆ ಏಳುತ್ತದೆ. ಆ ವಾಸನೆ ನಮಗೆ ಊಟದ ವಾಸನೆಯಷ್ಟೇ ರೂಢಿಯಾಗಿತ್ತು. ದಪ್ಪ ಕಪ್ಪು ಬರಲಿ ಎಂದು ಎರಡನ್ನೂ ಒಂದು ಹಿಡಿ ಹೆಚ್ಚೇ ಹಾಕಿದೆ. ಕುದಿ ಬರುವ ಹೊತ್ತಿಗೆ ಕರಡಿಯನ್ನು ಇಳಿಬಿಟ್ಟು ಕೋಲಿನಿಂದ ಒತ್ತಿ ಹಿಡಿದೆ. ಅದು ಎರಡು ಸಲ ಮೇಲೆದ್ದಿತು. ಮೂರನೆಯ ಸಲಕ್ಕೆ ಮುಳುಗಿತು.

ಕಾಲು ಗಂಟೆಯ ಮೇಲೆ ಎತ್ತಿದರೆ ಕೋಲಿಗೆ ಏನೋ ಲೋಳೆ ಅಂಟಿಕೊಂಡು ಬಂತು. ನೀರಿನ ಮೇಲೆಲ್ಲ ಕೂದಲು, ಅಂಬಲಿಯ ಮೇಲಿನ ಕೆನೆಯ ಹಾಗೆ. ತಣ್ಣೀರಿಗೆ ಹಾಕಿ ಸವರಿದೆ. ಸವರಿದಲ್ಲೆಲ್ಲ ಕೂದಲು ಕೈಗೇ ಬಂತು. ಹತ್ತು ನಿಮಿಷದಲ್ಲಿ ನನ್ನ ಕೈಯಲ್ಲಿದ್ದದ್ದು ಬೋಳು ಕರಡಿ. ಒಳಗಿನ ರಟ್ಟು ನೆಂದು ಮುದ್ದೆಯಾಗಿ ಕತ್ತು ಎದೆಯ ಮೇಲೆ ಬಿದ್ದಿತ್ತು. ಕೂದಲು ಹೋದ ಕೆಳಗಿನ ಹತ್ತಿಬಟ್ಟೆ ಮಾತ್ರ, ಏನು ಹೇಳಲಿ, ನಾಲ್ಕು ವರ್ಷದಲ್ಲಿ ನಾನು ಹಾಕಿದ ಅತಿ ಚೆಂದದ ಕಪ್ಪು ಬಣ್ಣ ಅದೇ. ಒಂದು ಕಲೆಯಿಲ್ಲ, ಒಂದು ಮಚ್ಚೆಯಿಲ್ಲ. ಛತ್ರಿಗೆ ಹಾಕಬಹುದಿತ್ತು.

ಭಾನುವಾರ ಅದನ್ನು ಪತ್ರಿಕೆಯಲ್ಲಿ ಸುತ್ತಿಕೊಂಡು ರೈಲು ಹತ್ತಿದೆ. ದಾವಣಗೆರೆ ಬಿಟ್ಟಾಗ, ತಪ್ಪಾಯಿತು ಎಂದು ಕೈ ಮುಗಿಯುವುದು ಎಂದು ನಿಶ್ಚಯಿಸಿದ್ದೆ. ಹರಿಹರದ ಸ್ಟೇಷನ್ನಿಗೆ ಬರುವ ಹೊತ್ತಿಗೆ, ಬಣ್ಣ ಕೈಕೊಟ್ಟಿತು ಎಂದರೆ ಸಾಕು ಎನಿಸಿತು. ಅಂಗಳಕ್ಕೆ ಬಂದರೆ ಟೇಲರಕ್ಕ, ಅಕ್ಕ, ಅತ್ತೆ ಮಾತ್ರವಲ್ಲ, ಡೈಯಿಂಗ್ ಮಾಸ್ತರ್ ಮಾಡಿದ ಕರಡಿ ನೋಡಲು ಎದುರುಮನೆಯವರೂ ಬಂದು ಕೂತಿದ್ದರು. ಅಕ್ಕನೇ ಕರೆದಿದ್ದಳು. ಪತ್ರಿಕೆ ಬಿಚ್ಚಿದೆ. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡರು.

ಅಕ್ಕ ನನ್ನ ಮುಖ ನೋಡಿದಳು. "ಏನೋ ಇದು?"

ಆಗ ನನ್ನ ಬಾಯಿಂದ ಬಂದ ಮಾತನ್ನು ನಾನು ಮೊದಲೇ ಯೋಚಿಸಿ ಇಟ್ಟುಕೊಂಡಿರಲಿಲ್ಲ. "ಬಟ್ಟೆ ಕೊಳೆತಿತ್ತು," ಎಂದೆ. "ನೀರು ಸೋಕಿದ ಕೂಡಲೇ ಕೂದಲು ತಾನೇ ಉದುರಿತು. ಹಳೇ ಮಾಲು. ಆ ಮೇಡಮ್ಮ ಗೊತ್ತಿದ್ದೇ ಕೊಟ್ಟು ಹೋಗ್ಯಾಳ."

ಟೇಲರಕ್ಕ ಕರಡಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊಲಿಗೆಗಳ ಮೇಲೆ ಬೆರಳಾಡಿಸಿದರು. ಒಂದು ಹೊಲಿಗೆಯೂ ಬಿಟ್ಟಿರಲಿಲ್ಲ. "ಕತ್ತರಿಸುವಾಗ ಗಟ್ಟಿ ಇತ್ತಲ್ಲ ತಮ್ಮಾ," ಎಂದರು. ಆಮೇಲೆ ತಲೆಯೆತ್ತಿ ಕೇಳಿದರು, "ಇನ್ನರ್ಧ ಬಟ್ಟೆ ಪೆಟ್ಟಿಗ್ಯಾಗ ಐತೆ. ಹತ್ತು ದಿನ ಐತೆ ಸಂದರ್ಶನಕ್ಕ. ಇನ್ನೊಂದು ಹೊಲಿದೇನು ನಾನು. ಅದೂ ಕೊಳೆತಿರ್ತೈತಾ?"

ಬೋಳು ಕರಡಿಯನ್ನು ಕ್ಷಮಿಸಬಹುದು. ಕೆಲಸ ಬಾರದವನು ಕೆಡಿಸಿದ. ಆದರೆ ಈ ಪ್ರಶ್ನೆಗೆ ನಾನು ಕೊಟ್ಟ ಉತ್ತರವಿದೆಯಲ್ಲ, ಅದಕ್ಕೆ ಬಣ್ಣದ ಕೆಲಸ ಬರಬೇಕಾಗಿರಲಿಲ್ಲ. ಗೊತ್ತಿಲ್ಲ ಎಂದಿದ್ದರೂ ಸಾಕಿತ್ತು. ಉಳಿದ ಬಟ್ಟೆ ಗಟ್ಟಿ ಎಂದರೆ ಇದು ಹೇಗೆ ಕೊಳೆಯಿತು ಎಂದು ಎದುರುಮನೆಯವರು ಕೇಳುತ್ತಾರಲ್ಲ ಎಂಬುದಷ್ಟೇ ನನ್ನ ತಲೆಯಲ್ಲಿತ್ತು.

"ಅದೂ ಅದೇ ಥಾನಿಂದ ಕತ್ತರಿಸಿದ್ದು ಅಲ್ಲೇನ್ರಿ? ಅದೂ ಅಷ್ಟೇ. ಕಮಿಟಿಯೋರ ಕೈಯಾಗ ಕೂದಲು ಕಿತ್ತು ಬಂದ್ರೆ ಇದ್ದ ಮರ್ಯಾದೀನೂ ಹೋಗ್ತೈತೆ. ಬ್ಯಾಡ್ರಿ."

ಗಿರಣಿಯವನ ಮಾತು. ಬಟ್ಟೆಯ ವಿಷಯದಲ್ಲಿ ಗಿರಣಿಯವನ ಮಾತನ್ನು ಹರಿಹರದಲ್ಲಿ ಯಾರು ಮೀರುತ್ತಾರೆ? ಟೇಲರಕ್ಕ ತಲೆಯಾಡಿಸಿದರು. ಒಳಗೆ ಹೋಗಿ ನನಗೆ ಮಂಡಕ್ಕಿ, ಚಹಾ ತಂದುಕೊಟ್ಟರು. "ನನ್ನ ಹಾಳು ಬಟ್ಟೀಲಿಂದ ನಿನಗ ತ್ರಾಸಾತು ತಮ್ಮಾ, ಬೇಜಾರು ಮಾಡ್ಕಬ್ಯಾಡ," ಎಂದರು. ನಾನು ಬೇಜಾರು ಮಾಡಿಕೊಳ್ಳದೆ ಮಂಡಕ್ಕಿ ತಿಂದೆ.

ಸೋಮವಾರ ಉಸ್ತಾದರು ಮಾದರಿ ಬಕೆಟ್ಟಿನ ಅಂಚಿಗೆ ಅಂಟಿದ್ದ ಕೂದಲನ್ನು ಎತ್ತಿ ಹಿಡಿದರು. "ಯಾರ ತಲೆ ಕುದಿಸಿದ್ದೀಯೋ ಇದ್ರಾಗ?"

ಹೇಳಿದೆ. ಸಂದರ್ಶನ, ಉಳಿದ ಅರ್ಧ ಬಟ್ಟೆ, ಎಲ್ಲವನ್ನೂ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ಅರೆ ಬೇವಕೂಫ್, ಚರ್ಮ ಹದ ಮಾಡೋರ ಹತ್ರ ಹೋಗಿ ಕೇಳು. ತೊಗಲಿನ ಕೂದಲು ಉದುರಿಸಾಕ ಅವರು ಹಚ್ಚೋದೇ ಈ ಸಲ್ಫೈಡು. ಹತ್ತಿಗೆ ಅದು ಏನೂ ಮಾಡಲ್ಲ. ಕೂದಲಿಗೆ ಯಮ. ಉಣ್ಣೆಗೆ ಹಾಕೋ ಬಣ್ಣಾನೇ ಬ್ಯಾರೆ." ಆಮೇಲೆ ಕೇಳಿದರು, "ಆ ಹೆಣ್ಮಗಳಿಗೆ ಏನಂತ ಹೇಳಿದೆ?"

"ಬಟ್ಟೆ... ಸರಿ ಇರಲಿಲ್ಲ ಅಂತ."

ಖಾದರ್ ಸಾಬರು ಆ ಕೂದಲನ್ನು ನನ್ನ ಅಂಗೈಯಲ್ಲಿಟ್ಟರು. "ಇವತ್ತು ಸಂಜೀ ಗಾಡಿಗೇ ಹೋಗು. ನಿಜ ಹೇಳು. ಬಟ್ಟೆ ಉಳಿದೈತೆ ಅಂತೀ, ದಿನಾನೂ ಉಳಿದಾವೆ."

"ಹೋಗ್ತೀನಿ ಉಸ್ತಾದ್."

ಸೋಮವಾರ ಗಾಡಿ ತಪ್ಪಿತು. ಮಂಗಳವಾರ ಮಳೆ ಬರುವ ಹಾಗಿತ್ತು, ಬರಲಿಲ್ಲ. ಬುಧವಾರ ಹೊಟ್ಟೆ ಸರಿ ಇರಲಿಲ್ಲ. ಗುರುವಾರ ಉಸ್ತಾದರು, "ಹೋಗಿದ್ಯಾ?" ಎಂದು ಕೇಳಿದರು, ಹೋಗಿದ್ದೆ ಎಂದೆ. ಸುಳ್ಳು ಮೂರಾಯಿತು. ಒಂಬತ್ತು ಮೈಲಿ, ಓದುಗರೇ. ಸೈಕಲ್ಲಿನಲ್ಲಿ ಹೋದರೂ ಒಂದು ಗಂಟೆಯ ದಾರಿ.

ಮುಂದಿನ ಭಾನುವಾರ ಹೋದೆ. ಸಂದರ್ಶನಕ್ಕೆ ಮೂರು ದಿನ ಇತ್ತು. ಈ ಸಲ ಹೇಳಿಯೇ ಬಿಡುವುದೆಂದು ಮೊದಲು ಟೇಲರಕ್ಕನ ಬಾಗಿಲಿಗೇ ಹೋದೆ. ಹೊಸ್ತಿಲ ಮುಂದೆ ಕಾಲೊರಸು ಹಾಕಿದ್ದರು. ಗೋಣಿತಟ್ಟಿನ ಮೇಲೆ ಆ ಕೆನೆಬಣ್ಣದ ಬಟ್ಟೆಯನ್ನು ಪಟ್ಟೆ ಪಟ್ಟೆಯಾಗಿ ಕತ್ತರಿಸಿ, ಅಂಚಿಗೆ ಕೆಂಪು ಬಟ್ಟೆ ಕೊಟ್ಟು ಹೊಲಿದಿದ್ದರು. ಕಾಲೊರಸನ್ನೂ ಅಷ್ಟು ಚೆಂದ ಹೊಲಿಯಬೇಕೆ ಎನಿಸಿತು. ನಾನು ಚಪ್ಪಲಿ ಬಿಟ್ಟು ಅದರ ಮೇಲೆ ನಿಂತೆ. ಕೂದಲು ಪಾದದ ಬೆರಳ ಸಂದಿಯಲ್ಲಿ ಮೆತ್ತಗೆ ಸಿಕ್ಕಿಕೊಂಡಿತು. ಒಂದು ಕೂದಲೂ ಉದುರಲಿಲ್ಲ.

"ಬಾ ತಮ್ಮಾ, ನಿಂತ್ಯಲ್ಲ," ಎಂದರು ಟೇಲರಕ್ಕ ಒಳಗಿನಿಂದ. "ಕೊಳೆತದ್ದನ್ನ ಇಟ್ಕೊಂಡು ಏನು ಮಾಡ್ಲಿ, ಕಾಲಿಗಾದ್ರೂ ಆಗ್ಲಿ ಅಂತ ಹಾಕಿದೆ. ಆದ್ರೂ ನೋಡು, ಮೂರು ದಿನದಿಂದ ತುಳೀತಾ ಇದ್ರೂ ಹಂಗೇ ಐತೆ."

ಅವರ ದನಿಯಲ್ಲಿ ಒಂದು ಸಣ್ಣ ಪ್ರಶ್ನೆ ಇತ್ತು. ಇತ್ತೋ, ನನ್ನ ಕಿವಿಗೇ ಹಾಗೆ ಕೇಳಿಸಿತೋ. "ಒಂದೊಂದು ಕಡೆ ಗಟ್ಟಿ ಇರ್ತೈತ್ರಿ," ಎಂದೆ. ಕತ್ತರಿಸಿದ ಮೇಲೆ ಇನ್ನು ಹೇಳಿ ಏನು ಪ್ರಯೋಜನ ಎಂದು ನನಗೆ ನಾನೇ ಹೇಳಿಕೊಂಡೆ. ಕಾಲು ಒರೆಸಿಕೊಂಡು ಒಳಗೆ ಹೋಗಿ ಕೂತೆ.

ಸಂದರ್ಶನದಲ್ಲಿ ಐದನೆಯ ವಸ್ತುವೆಂದು ಅವರು ಇನ್ನೊಂದು ದಿಂಬಿನ ಚೀಲ ಇಟ್ಟರಂತೆ. ಕಮಿಟಿಯ ಒಬ್ಬರು ಎಲ್ಲ ನೋಡಿ, "ಕೈ ಚೆನ್ನಾಗಿದೆಯಮ್ಮ. ಆದರೆ ಬಂದವರೆಲ್ಲ ಇದನ್ನೇ ತಂದಿದ್ದಾರೆ. ಮಕ್ಕಳಿಗೆ ಕಲಿಸಲು ಬೇರೆ ಏನಾದರೂ ಬರುತ್ತದೆಯೆ?" ಎಂದು ಕೇಳಿದರಂತೆ. ಕರಡಿ ಬರುತ್ತದೆ ಎಂದು ಬಾಯಿಗೆ ಬಂದಿತ್ತು, ತೋರಿಸು ಎಂದರೆ ಏನು ತೋರಿಸಲಿ ಎಂದು ಸುಮ್ಮನಾದೆ ಎಂದು ಅಕ್ಕನ ಹತ್ತಿರ ಹೇಳಿದರಂತೆ. ಕೆಲಸ ಬೇರೆಯವರಿಗೆ ಆಯಿತು. ಆ ವರ್ಷ ಮೇಡಮ್ಮನ ಕಾಗದ ಬಂದಾಗ ನಾನು ಪೆನ್ನು ತೆಗೆದೆ. ಟೇಲರಕ್ಕ ಕಾಗದವನ್ನು ಮಡಿಸಿ ಇಟ್ಟುಬಿಟ್ಟರು. "ಇರ್ಲಿ ಬಿಡು ತಮ್ಮಾ. ಕೊಳೆತದ್ದು ಕೊಟ್ಟು ಹೋದೋಳಿಗೆ ಏನಂತ ಬರೀತೀ?" ಎರಡು ವರ್ಷದ ಮೇಲೆ ಕಾಗದವೂ ನಿಂತಿತು.

ಮಿಷನ್ನಿನ ಸದ್ದು ನಿಲ್ಲಲಿಲ್ಲ. ನನಗೆ ಮದುವೆಯಾಗಿ ಮಗ ಹುಟ್ಟಿದ. ಹೆಸರಿಡುವ ದಿನ ಟೇಲರಕ್ಕ ತಾವೇ ಹೊಲಿದ ಕುಲಾವಿ ಹಿಡಿದು ದಾವಣಗೆರೆಗೆ ಬಂದರು. ಆ ಹೊತ್ತಿಗೆ ಅವರ ಕೈಗೆ ಕೋಲು ಬಂದಿತ್ತು. ಕೆಳಗೆ ಕೂರಲಾಗದೆ ಗಂಡಸರ ಸಾಲಿನಲ್ಲಿ ಕುರ್ಚಿಯ ಮೇಲೆ ಕೂತು, ಅದಕ್ಕೆ ನಾಚಿಕೊಂಡರು. ಹೊರಡುವಾಗ ಚೀಲದಿಂದ ಒಂದು ಮಾಸಿದ ಹತ್ತಿಸೀರೆ ತೆಗೆದು, "ನಿನಗ ಪುರುಸೊತ್ತಾದಾಗ ಇದಕ್ಕೊಂದಿಷ್ಟು ಬಣ್ಣ ತೋರ್ಸಪ್ಪ," ಎಂದರು. ಎಲ್ಲ ಆದ ಮೇಲೂ ನನಗೇ ತಂದುಕೊಟ್ಟರು. ನಾನು ಅದಕ್ಕೆ ನೇರಳೆ ಬಣ್ಣ ಹಾಕಿದೆ. ಉಸ್ತಾದರನ್ನು ಮೂರು ಸಲ ಕೇಳಿ, ಮೂರು ಮಾದರಿ ತೆಗೆದು ಹಾಕಿದೆ. ಹರಿಹರಕ್ಕೆ ಒಯ್ದು ಕೊಟ್ಟಾಗ ಟೇಲರಕ್ಕ ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದರು.

"ನೋಡು ತಮ್ಮಾ, ಬಟ್ಟೆ ಒಳ್ಳೇದಿದ್ರೆ ಬಣ್ಣ ಹೆಂಗ ಕುಂತೈತೆ!"

ಅಂಗಳದಲ್ಲಿ ನಾವಿಬ್ಬರೇ ಇದ್ದೆವು. ಎದುರುಮನೆಯವರಿಲ್ಲ, ಅತ್ತೆ ಇಲ್ಲ, ಅಕ್ಕ ಹಿತ್ತಿಲಲ್ಲಿದ್ದಳು. ಅವರು ನಗುತ್ತಿದ್ದರು. ನಾನು ಹೌದ್ರಿ ಎಂದೆ.

ಕೊನೆಯ ವರ್ಷಗಳಲ್ಲಿ ಕಾಲು ಪೂರ್ತಿ ನಿಂತ ಮೇಲೆ ಅವರ ತಮ್ಮ ಬಂದು ಭಾನುವಳ್ಳಿಗೆ ಕರೆದುಕೊಂಡು ಹೋದ. ಅಲ್ಲಿಯೇ ತೀರಿಕೊಂಡರು. ನಾನು ಮಣ್ಣಿಗೆ ಹೋಗಿದ್ದೆ. ಅವರ ತಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, "ದಾವಣಗೆರೆ ತಮ್ಮ ನನಗ ಭಾಳ ಮಾಡ್ಯಾನ ಅಂತಿದ್ಲು ನಮ್ಮಕ್ಕ," ಎಂದ. ಅರ್ಜಿ ಬರೆದುಕೊಟ್ಟದ್ದು, ಕಾಗದ ಬರೆದುಕೊಟ್ಟದ್ದು, ಸೀರೆ. ಅವರ ಲೆಕ್ಕದಲ್ಲಿ ಅ‌ವಷ್ಟೇ ಉಳಿದಿದ್ದವು. ಆ ಕೈಗಳನ್ನು ಬಿಡಿಸಿಕೊಂಡು ಹೇಳಬಹುದಿತ್ತು. ಅವತ್ತೂ ಬಸ್ಸಿನ ಹೊತ್ತಾಯಿತು ಎಂದು ಎದ್ದು ಬಂದೆ.

ಬಟ್ಟೆ ಕೊಳೆತಿರಲಿಲ್ಲ. ಮೇಡಮ್ಮ ನಿಮಗೆ ಮೋಸ ಮಾಡಿರಲಿಲ್ಲ. ಪೆಟ್ಟಿಗೆಯಲ್ಲಿದ್ದ ಬಟ್ಟೆಯಲ್ಲಿ ಇನ್ನೊಂದು ಕರಡಿ ಆಗುತ್ತಿತ್ತು, ಅದನ್ನು ಹೊಲಿಯಲು ದಿನಗಳೂ ಇದ್ದವು, ಸೋಮವಾರದಿಂದ ನನಗೆ ಅದು ಗೊತ್ತಿತ್ತು. ಓಣಿಯಲ್ಲಿ ಯಾರೂ ನಿಮ್ಮನ್ನು ಹೆಸರು ಹಿಡಿದು ಕರೆಯಲಿಲ್ಲ, ನಾನೂ ಕರೆಯಲಿಲ್ಲ. ತಪ್ಪಾಯಿತು, ಹಾಲಮ್ಮಕ್ಕ.